ಕೆಂಪಾದ ಹೂರಣ

ಸೌಟಿನ ತುದಿಯಲ್ಲಿ ಎತ್ತಿದ ಬೇಳೆಯೊಂದನ್ನು ಶಂಕರಮ್ಮ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿಸುಕಿದಳು. ಅದು ಮೆತ್ತಗಾಗುವ ಬದಲು ಪುಟಕ್ಕನೆ ಜಾರಿ ಒಲೆಯ ಬೂದಿಗೆ ಬಿತ್ತು. ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿಗೆ ಕಟುಕ್ ಎಂದಿತು.

"ಎಷ್ಟೊತ್ತಾತು ಇದು ಕುದಿಯಾಕೆ ಹತ್ತಿ?" ಎಂದು ಜೊತೆಗಾತಿ ಕಲ್ಪನಾಳನ್ನು ಕೇಳಿದಳು.

"ಕಾಯಿ ತುರಿದಾತು, ಬೆಲ್ಲ ಕುಟ್ಟಿದ್ದಾತು, ಕಣಕಾನೂ ನಾದಿ ಎಣ್ಣೆ ಹಚ್ಚಿ ಮುಚ್ಚಿಟ್ಟೀನಿ. ಇದೊಂದು ಮಾತ್ರ ಹಂಗೇ ಕುಂತೈತೆ ನೋಡಕ್ಕ," ಎಂದಳು ಕಲ್ಪನಾ.

ಅಡುಗೆಯೇ ಶಂಕರಮ್ಮನ ಕಸುಬು. ಊರು ತುಂಗಭದ್ರೆಯ ಹತ್ತಿರದ ಸಾಸ್ವೆಹಳ್ಳಿ. ಹೊನ್ನಾಳಿ ಕಡೆ ಮದುವೆಯಿರಲಿ, ನ್ಯಾಮತಿ ಕಡೆ ಗೃಹಪ್ರವೇಶವಿರಲಿ, ಹೋಳಿಗೆ ಊಟವೆಂದರೆ ಅವಳಿಗೂ ನ್ಯಾಮತಿಯ ಕಲ್ಪನಾಗೂ ಕರೆ ಬರುತ್ತಿತ್ತು. ಬೇಳೆಯನ್ನು ಒಲೆಗೇರಿಸಿ ಬೆಲ್ಲ ಕುಟ್ಟಿ ಮುಗಿಸುವುದರೊಳಗೆ ಅದು ಬೆಂದು ಅರಳಿರುತ್ತಿತ್ತು. ಬೇಳೆ ಯಾಕೆ ಬೇಯುತ್ತದೆ ಎಂದು ಅವಳು ಯಾವತ್ತೂ ಯೋಚಿಸಿದವಳಲ್ಲ. ಬೆಂಕಿ ಇದೆ, ನೀರಿದೆ, ಬೇಯುತ್ತದೆ. ಬೇಯದೆ ಏನು ಮಾಡುತ್ತದೆ?

ಬೇಯದೆ ಇರುವುದಕ್ಕೆ ಅದು ಆರಿಸಿಕೊಂಡ ದಿನವಾದರೂ ಎಂಥದ್ದು! ಇವತ್ತು ಅವಳ ಮಗಳು ಅಕ್ಷಿತಾಳ ನಿಶ್ಚಿತಾರ್ಥ. ಊರು ಜಗಳೂರು ತಾಲ್ಲೂಕಿನ ಸೊಕ್ಕೆ, ಮನೆ ಬೀಗರದು. ಹುಡುಗ ಮುತ್ತುರಾಜ್ ಜಗಳೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್. ಅಕ್ಷಿತಾ ಔಷಧಿಯ ಕೋರ್ಸು ಓದಿ ಚನ್ನಗಿರಿಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ನೆಂಟರ ಮದುವೆಯೊಂದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಹುಡುಗನ ಅಜ್ಜಿ ಹಾಲಮ್ಮನಿಗೆ ಮಂಡಿನೋವು, ಪ್ರಯಾಣ ಆಗದು. ಹಾಗಾಗಿ ಶಾಸ್ತ್ರವನ್ನು ಅವರ ಮನೆಯಲ್ಲೇ ಇಟ್ಟುಕೊಂಡಿದ್ದರು. "ಬೀಗರ ಕೈ ಹೋಳಿಗೆ ಬಾಳ ಚಲೋ ಅಂತೆ, ನಮಗೂ ತಿನ್ನೋ ಭಾಗ್ಯ ಐತೋ ಇಲ್ಲೋ," ಎಂದು ಅಜ್ಜಿ ಫೋನಿನಲ್ಲಿ ಅಂದದ್ದೇ ತಡ, ಶಂಕರಮ್ಮ ಉಬ್ಬಿಹೋಗಿ ತಾನೇ ಮಾಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಳು. "ಹೆಣ್ಣಿನ ತಾಯಿ ಆಗಿ ಹೋಗು, ಅಡುಗೆಯವಳಾಗಿ ಯಾಕೆ ಹೋಗ್ತೀಯ?" ಎಂದು ಗಂಡ ರೇವಣ್ಣ ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ಒಲೆಯ ಮುಂದೆ ಕೂತು ಅವಳು ಒಂದೊಂದನ್ನೇ ಅನುಮಾನಿಸತೊಡಗಿದಳು. ಬೇಳೆ ಹಳೆಯದೇ? ಅಲ್ಲ, ಇದೇ ಮೂಟೆಯ ಬೇಳೆಯಿಂದ ಹಿಂದಿನ ವಾರ ಹೊನ್ನಾಳಿಯಲ್ಲಿ ಹೋಳಿಗೆ ಮಾಡಿದ್ದಳು, ಬೆಣ್ಣೆಯಂತೆ ಬೆಂದಿತ್ತು. ಪಾತ್ರೆಯೇ? ಅದು ಅವಳದೇ, ತಾನೇ ಹೊತ್ತು ತಂದದ್ದು. ಬೆಂಕಿಯೇ? ಜಾಲಿ ಕಟ್ಟಿಗೆ ಧಗಧಗ ಉರಿಯುತ್ತಿತ್ತು. ಎಲ್ಲವೂ ಊರಿನಲ್ಲಿದ್ದ ಹಾಗೇ ಇತ್ತು. ಹಾಗಾದರೆ ಬದಲಾದದ್ದು ತನ್ನ ಕೈಯೇ ಇರಬೇಕೇ? ಬೆಳಿಗ್ಗೆ ಈ ಮನೆಯಲ್ಲಿ ಕುಡಿದ ಚಹಾ ಯಾಕೋ ಸಪ್ಪೆಯೆನಿಸಿತ್ತು, ಮುಖ ತೊಳೆದಾಗ ಸೋಪು ನೊರೆ ಬಂದಿರಲಿಲ್ಲ. ಆದರೆ ಅದನ್ನೂ ಇದನ್ನೂ ಒಂದಕ್ಕೊಂದು ಸೇರಿಸಿ ನೋಡುವಷ್ಟು ತಲೆ ಆ ಹೊತ್ತಿನಲ್ಲಿ ಓಡಲಿಲ್ಲ.

ಬೀಗತಿ ಚೌಡೇಶ್ವರಿ, ಎಂದರೆ ಮುತ್ತುರಾಜನ ತಾಯಿ, ಬಾಗಿಲಿಂದ ಇಣುಕಿ, "ಹೆಂಗೆ ನಡದೈತ್ರಿ ಅಕ್ಕಾರೆ? ಏನಾರ ಬೇಕಿತ್ತಾ?" ಎಂದು ಕೇಳಿದಳು.

"ಏನೂ ಬ್ಯಾಡ್ರಿ, ಎಲ್ಲಾ ಚೆನ್ನಾಗೈತೆ," ಎಂದು ಶಂಕರಮ್ಮ ನಕ್ಕಳು. ಚೌಡೇಶ್ವರಿ ಪಾತ್ರೆಯ ಕಡೆ ಒಮ್ಮೆ ನೋಡಿದಳು, ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೋದಳು.

ಆ ನೋಟ ಶಂಕರಮ್ಮನಿಗೆ ಚುಚ್ಚಿತು. ಕಲ್ಪನಾ ನೀರು ತರಲು ಹಿತ್ತಲಿಗೆ ಹೋದ ಸಮಯ ನೋಡಿ ಅವಳು ಗೂಡಿನಲ್ಲಿದ್ದ ಅಡುಗೆ ಸೋಡಾದ ಡಬ್ಬಿಗೆ ಕೈ ಹಾಕಿದಳು. ಸೋಡಾ ಹಾಕಿ ಬೇಳೆ ಬೇಯಿಸುವವರನ್ನು ಕಂಡರೆ ಅವಳಿಗೆ ತಾತ್ಸಾರ. ಎಷ್ಟೋ ಮದುವೆ ಮನೆಗಳಲ್ಲಿ ಅದನ್ನು ಆಡಿಯೂ ತೋರಿಸಿದ್ದಳು. ಈಗ ಕಳ್ಳಿಯ ಹಾಗೆ ಹಿಂದೆ ಮುಂದೆ ನೋಡಿ ಒಂದು ಚಮಚ ತೆಗೆದು ಬೇಳೆಗೆ ಉದುರಿಸಿದಳು. ನೊರೆ ಬುಸ್ಸನೆ ಎದ್ದು ಅಂಚಿಗೆ ಬಂದು ಇಳಿಯಿತು. ಅಷ್ಟರಲ್ಲಿ, "ಅವ್ವಾ, ಸೀರೆ ನೆರಿಗೆ ನಿಲ್ತಾ ಇಲ್ಲ, ಸ್ವಲ್ಪ ಬಾರೆ," ಎಂದು ಅಕ್ಷಿತಾ ಕೋಣೆಯಿಂದ ಕೂಗಿದಳು. ಶಂಕರಮ್ಮ ಕೈ ಒರೆಸಿಕೊಂಡು ಎದ್ದು ಹೋದಳು.

ಮಗಳ ನೆರಿಗೆ ಸರಿಮಾಡಿ, ಜಡೆಗೆ ಹೂವು ಮುಡಿಸಿ, ಬಂದ ನೆಂಟರನ್ನು ಮಾತಾಡಿಸಿ ಬರುವುದರೊಳಗೆ ಹೊತ್ತು ಸರಿದಿತ್ತು. ಅಡುಗೆಮನೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಪಾತ್ರೆಯಲ್ಲಿ ಬೇಳೆ ಇರಲಿಲ್ಲ. ಗಂಜಿಯಂತೆ ಕರಗಿಹೋದ ಏನೋ ಒಂದು ಕೊತಕೊತ ಕುದಿಯುತ್ತಿತ್ತು. ಅದರ ಬಣ್ಣ ಕೆಂಪು. ಹಣ್ಣು ಮೆಣಸಿನಕಾಯಿಯ ಕೆಂಪಲ್ಲ, ಕುಂಕುಮ ಕಲಸಿದ ನೀರಿನಂಥ ಕೆಂಪು. ಅವಳು ಬೇಳೆಗೆ ಹಾಕಿದ್ದು ಚಿಟಿಕೆ ಅರಿಶಿನ. ಹಳದಿ ಇರಬೇಕಾದಲ್ಲಿ ಇದು ಎಲ್ಲಿಂದ ಬಂತು?

ಕಲ್ಪನಾ ಮೂಲೆಯಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳ ಮುಖ ಬಿಳುಚಿತ್ತು. "ನಾನೇನೂ ಮಾಡ್ಲಿಲ್ಲಕ್ಕ. ನೋಡ್ತಾ ನೋಡ್ತಾ ಹಿಂಗಾತು."

ಅದೇ ಹೊತ್ತಿಗೆ ಮುತ್ತುರಾಜನ ಚಿಕ್ಕಪ್ಪ ಕಲ್ಲೇಶ್ ಕುಡಿಯುವ ನೀರು ಕೇಳಿಕೊಂಡು ಒಳಗೆ ಬಂದ. ಪಾತ್ರೆಯನ್ನು ಬಗ್ಗಿ ನೋಡಿದವನೇ, "ಅಯ್ಯಪ್ಪ, ಏನಿದು ರಕ್ತ ಬಂದಂಗೆ ಬಂದೈತೆ?" ಎಂದು ಹಿಂದೆ ಸರಿದ. ಸರಿದವನು ಜೇಬಿನಿಂದ ಮೊಬೈಲು ತೆಗೆದು ವಿಡಿಯೋ ಮಾಡಿಕೊಂಡ.

ಮುಂದಿನದು ಬೇಗ ಬೇಗ ಆಗಿಹೋಯಿತು. ಪಡಸಾಲೆಯಲ್ಲಿ ಕೂತಿದ್ದ ನೆಂಟರೆಲ್ಲ ಎದ್ದು ಬಂದು ಇಣುಕಿದರು. ಪಾತ್ರೆ ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದರು ಒಬ್ಬರು. ಇನ್ನೊಬ್ಬರು ಬೆಲ್ಲಕ್ಕೆ ಬಣ್ಣ ಹಾಕಿರುತ್ತಾರೆ ಎಂದರು, ಬೆಲ್ಲವನ್ನು ಇನ್ನೂ ಹಾಕಿಯೇ ಇರಲಿಲ್ಲ. ಕಲ್ಲೇಶ್ ಮಾತ್ರ ತಗ್ಗಿದ ದನಿಯಲ್ಲಿ, "ಈ ಸಂಬಂಧ ಆಗಬಾರ್ದು ಅಂತ ಯಾರೋ ಏನೋ ಮಾಡ್ಸಿದಂಗೆ ಐತೆ. ಇವತ್ತು ಶಾಸ್ತ್ರ ನಿಲ್ಸಿ, ದೇವ್ರ ಹತ್ರ ಹೂವು ಕೇಳಿ ಮುಂದೆ ನೋಡಾಣ," ಎಂದ. ತಗ್ಗಿದ ದನಿಯಾದರೂ ಮನೆಯವರಿಗೆಲ್ಲ ಕೇಳಿಸಿತು. ಅವನು ಕಳಿಸಿದ ವಿಡಿಯೋ ಅಷ್ಟರಲ್ಲೇ ಹೊನ್ನಾಳಿ ಮುಟ್ಟಿತ್ತೋ ಏನೋ, ರೇವಣ್ಣನ ಮೊಬೈಲಿಗೆ ಅಲ್ಲಿದ್ದ ಅವನ ಅಣ್ಣನ ಫೋನು ಬಂತು. "ಏನೂ ಇಲ್ಲಣ್ಣ, ಏನೂ ಆಗಿಲ್ಲ," ಎನ್ನುತ್ತಾ ಅವನು ಅಂಗಳಕ್ಕೆ ಇಳಿದುಹೋದ.

"ಅರಿಶಿನ ಎಲ್ಲೀದು?" ಎಂದು ಯಾರೋ ಹೆಂಗಸು ಕೇಳಿದಳು.

"ಚನ್ನಗಿರಿ ಪ್ಯಾಟೇದು. ಅಕ್ಷಿತಾ ತಂದಿದ್ದು," ಎಂದು ಕಲ್ಪನಾ ಬಾಯಿಬಿಟ್ಟಳು. ಆಡಿದ ಮೇಲೆ ತುಟಿ ಕಚ್ಚಿಕೊಂಡಳು. ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮೇಲೆ ಹೊರಳಿತು. ಅಕ್ಷಿತಾ ತಾಯಿಯನ್ನು ನೋಡಿದಳು.

ಶಂಕರಮ್ಮನ ತಲೆಯೊಳಗೆ ಗಿರಗಿಟ್ಟಲೆ ತಿರುಗುತ್ತಿತ್ತು. ಹೇಳಲೇ, ಸೋಡಾ ಹಾಕಿದೆನೆಂದು? ಆದರೆ ಒಂದು ಚಮಚ ಸೋಡಾಕ್ಕೆ ಬೇಳೆ ಹೀಗೆ ಗಂಜಿಯಾಗುವುದುಂಟೇ? ಇಷ್ಟು ಕೆಂಪಾಗುವುದುಂಟೇ? ಜನ ಹೊರಗೆ ಸರಿದ ಮೇಲೆ ಅವಳು ಒಂದು ಲೋಟ ತಣ್ಣೀರು ತೆಗೆದುಕೊಂಡು ಅದೇ ಅರಿಶಿನವನ್ನು ಕದಡಿ, ಅದೇ ಡಬ್ಬಿಯ ಸೋಡಾವನ್ನು ಚಿಟಿಕೆ ಹಾಕಿ ಕಲಕಿದಳು. ನೀರು ಹಳದಿಯಾಗಿಯೇ ಇತ್ತು. ಕೊಂಚ ಗಾಢವಾಯಿತೇ ಹೊರತು ಕೆಂಪಾಗಲಿಲ್ಲ. ಇನ್ನಷ್ಟು ಹಾಕಿದಳು. ಊಹೂಂ.

ಅಂದರೆ ಇದು ಸೋಡಾದ ಕೆಲಸವಲ್ಲ. ತನ್ನ ತಪ್ಪಲ್ಲ ಎಂದು ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ ಅದಕ್ಕಿಂತ ದೊಡ್ಡ ಭಯ ಬಂದು ಕೂತಿತು. ಸೋಡಾ ಅಲ್ಲ, ಅರಿಶಿನ ಅಲ್ಲ, ಬೇಳೆ ಅಲ್ಲ. ಮತ್ತೇನು? ಮಾಟ ಮಂತ್ರವನ್ನು ನಂಬದ ಅವಳಿಗೆ ಕಲ್ಲೇಶನ ಮಾತು ಮೊದಲ ಬಾರಿಗೆ ನಿಜವಿರಬಹುದೆನಿಸಿತು.

ಮುತ್ತುರಾಜ್ ಹೊಸ ಬಿಳಿ ಶರ್ಟಿನಲ್ಲಿ ಬಂದು ಒಲೆಯ ಬಳಿ ಕುಕ್ಕರಗಾಲಲ್ಲಿ ಕೂತ. "ಅತ್ತೆ, ನೀವು ಗಾಬರಿ ಆಗ್ಬ್ಯಾಡ್ರಿ. ಚಿಕ್ಕಪ್ಪನ ಮಾತು ಹಂಗೇ. ನಮ್ಮೂರ ಬೋರ್ ನೀರೇ ಸರಿ ಇಲ್ಲ. ಈ ನೀರು ರೇಡಿಯೇಟರಿಗೆ ಹಾಕಿದ್ರೆ, ಕಾದು ಕಾದು ಒಳಗೆಲ್ಲಾ ಬಿಳಿ ಗಾರೆ ಕಟ್ಟಿಬಿಡ್ತೈತೆ. ಸುತ್ತಿಗೆ ತಗಂಡು ಬಡಿದ್ರೂ ಬರಲ್ಲ."

"ನೀರಿಗೆ ಬೇಳೆ ಬೇಯ್ಲಿಲ್ಲ ಅನ್ನಪ್ಪ, ಒಪ್ತೀನಿ. ಕೆಂಪು ಯಾಕಾತು?"

ಅವನು ತಲೆ ಕೆರೆದುಕೊಂಡ. "ಅದು ಗೊತ್ತಿಲ್ಲ ನಂಗೂ. ದಿನಾ ಇದೇ ನೀರಾಗೆ ಅವ್ವ ಬೇಳೆ ಬೇಯಿಸ್ತಾಳೆ, ಒಂದಿನಾನೂ ಕೆಂಪಾಗಿಲ್ಲ."

ಅವ್ವ ದಿನಾ ಬೇಯಿಸುತ್ತಾಳೆ. ಅದು ಹೇಗೆ ಬೇಯಿಸುತ್ತಾಳೆ? ಶಂಕರಮ್ಮ ಎದ್ದು ಚೌಡೇಶ್ವರಿಯನ್ನು ಹುಡುಕಿಕೊಂಡು ದೇವರ ಕೋಣೆಗೆ ಹೋದಳು.

ಅಲ್ಲಿ ಹಾಲಮ್ಮಜ್ಜಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಶಾಸ್ತ್ರ ನಡೆಯುತ್ತದೋ ಇಲ್ಲವೋ ಯಾರಿಗೂ ತಿಳಿಯದಿದ್ದರೂ ಅಜ್ಜಿ, "ಆರತಿ ನೀರು ಮಾಡಿಡವ್ವ, ಹೊತ್ತಾಗ್ತೈತೆ," ಎಂದು ಸೊಸೆಗೆ ಅಪ್ಪಣೆ ಕೊಟ್ಟಿದ್ದಳು. ಚೌಡೇಶ್ವರಿ ತಟ್ಟೆಯ ನೀರಿಗೆ ಅರಿಶಿನ ಕದಡಿದಳು. ಎಲೆ ಅಡಿಕೆ ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಅದರಲ್ಲಿ ಕಲಸಿದಳು. ಹಳದಿ ನೀರು ಸುಣ್ಣ ಹೋದ ಜಾಗದಿಂದಲೇ ಕೆಂಪು ಎಳೆ ಬಿಟ್ಟು, ನೋಡನೋಡುತ್ತ ತಟ್ಟೆ ತುಂಬ ಕೆಂಪಾಯಿತು.

ಶಂಕರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹುಟ್ಟಿದಾಗಿನಿಂದ ನೋಡಿದ ಆರತಿ. ಎಷ್ಟು ಮದುಮಕ್ಕಳಿಗೆ ತಾನೇ ಇದನ್ನು ಕಲಸಿ ಎತ್ತಿದ್ದಳು. ಇದಕ್ಕೆ ಯಾರೂ ಹೆದರಿದ್ದಿಲ್ಲ.

"ಅಕ್ಕಾರೆ," ಎಂದಳು, "ಅಲ್ಲಿ ಪಾತ್ರೆಯಾಗಿನ ಬೇಳೇನೂ ಹಿಂಗೇ ಆಗೈತಲ್ರಿ."

ಚೌಡೇಶ್ವರಿ ತಟ್ಟೆಯನ್ನು ನೋಡಿದಳು, ಅವಳನ್ನು ನೋಡಿದಳು. "ಇದಕ್ಕೆ ಸುಣ್ಣ ಹಾಕೀವಿ. ಬೇಳೆಗೆ ಸುಣ್ಣ ಯಾರು ಹಾಕ್ತಾರೆ?"

"ಸುಣ್ಣ ಹಾಕಿಲ್ಲ. ಸೋಡಾ ಹಾಕೀನಿ. ಒಂದು ಚಮಚ." ಹೇಳಿಬಿಟ್ಟಳು. "ಬೇಯ್ಲೇ ಇಲ್ಲ ನೋಡ್ರಿ. ನಿಮ್ಮನ್ನ ಕೇಳಾಕೆ ನಾಚಿಕೆ ಆತು."

ಚೌಡೇಶ್ವರಿ ತಟ್ಟೆಯನ್ನು ನೆಲಕ್ಕಿಟ್ಟಳು. "ನೀವು ಹಾಕಿದ್ರಾ? ಅಯ್ಯೋ ಶಿವನೇ. ನಾನೂ ಹಾಕಿದ್ನಲ್ರೀ! ನಮ್ಮ ನೀರಿಗೆ ಸೋಡಾ ಇಲ್ದೆ ಬೇಳೆ ಬೇಯಲ್ಲ. ದಿನಾ ಒಂದು ಚಿಟಿಕೆ ಹಾಕ್ತೀನಿ. ಅಷ್ಟು ಹೆಸರು ಮಾಡಿದೋರಿಗೆ ಹೆಂಗೆ ಹೇಳೋದು ಅಂತ ಸುಮ್ನಾದೆ. ನೀವು ಸೀರೆ ಉಡ್ಸಾಕೆ ಹೋದಾಗ ಬಂದು, ಪಾತ್ರೆ ದೊಡ್ಡದೈತೆ ಅಂತ ಮುಷ್ಟೀಲಿ ಹಾಕಿ ಹೋದೆ."

ಅವರ ಹಿಂದೆ ಮೂಗು ಸೇದಿದ ಸದ್ದು ಕೇಳಿಸಿತು. ಕಲ್ಪನಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಹಿತ್ತಲಿಂದ ನೀರು ತಂದಿಟ್ಟು ನಾನೂ ಹಾಕ್ದೆ ಕಣಕ್ಕ. ನಿನ್ನ ಮರ್ಯಾದೆ ಹೋಗ್ತೈತೆ ಅಂತ. ನೀನು ಸೋಡಾ ಕಂಡ್ರೆ ಬೈತೀಯಲ್ಲ, ಅದಕ್ಕೆ ಹೇಳ್ಲಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಶಂಕರಮ್ಮನಿಗೆ ಇನ್ನೂ ಒಂದು ತೊಡಕು ಬಿಡಿಸಲಾಗಿರಲಿಲ್ಲ. ಅವಳು ಹೋಗಿ ಆ ಲೋಟವನ್ನು ತಂದು ಎದುರಿಗಿಟ್ಟಳು. "ಇದ್ರಾಗೂ ಅದೇ ಅರಿಶಿನ, ಅದೇ ಸೋಡಾ ಹಾಕೀನಿ. ಬೇಕಾದಷ್ಟು ಹಾಕೀನಿ. ಇದು ಯಾಕೆ ಹಳದೀನೇ ಐತೆ?"

ಚೌಡೇಶ್ವರಿಯ ಮುಖ ಮತ್ತೆ ಕಂದಿತು. ಎಲ್ಲಾ ತಿಳಿಯಿತು ಎನ್ನುವಷ್ಟರಲ್ಲಿ ಮತ್ತೆ ಕತ್ತಲಾದಂತೆ.

ಅಕ್ಷಿತಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅವ್ವಾ, ಇದು ತಣ್ಣೀರು. ಅದು ಕುದಿಯೋ ನೀರು."

"ಅದಕ್ಕೇನೀಗ?"

"ಗೊತ್ತಿಲ್ಲ. ಸೋಡಾ ಕುದಿಸಿದ್ರೆ ಅದ್ರಾಗಿನ ಗ್ಯಾಸ್ ಹೋಗಿ, ಬಟ್ಟೆಗೆ ಹಾಕೋ ಸೋಡಾ ಥರ, ಸುಣ್ಣದ ಥರ ಕ್ಷಾರ ಜಾಸ್ತಿ ಆಗ್ತೈತೆ ಅಂತ ಓದಿದ ನೆನಪು. ಸರಿಯಾಗಿ ನೆನಪಿಲ್ಲ. ಬಾ, ಕುದಿಸೇ ನೋಡಾಣ."

ಎಲ್ಲರೂ ಅಡುಗೆಮನೆಗೆ ಹೋದರು. ಅಜ್ಜಿ ಕೂಡ ಗೋಡೆ ಹಿಡಿದುಕೊಂಡು ಬಂದಳು, ಕಲ್ಲೇಶ್ ಬಾಗಿಲಲ್ಲಿ ನಿಂತ. ಅಕ್ಷಿತಾ ಲೋಟದ ನೀರನ್ನು ಸಣ್ಣ ಬಾಣಲೆಗೆ ಸುರಿದು ಒಲೆಯ ಮೇಲಿಟ್ಟಳು. ನೀರು ಬಿಸಿಯಾಯಿತು, ಸಣ್ಣ ಗುಳ್ಳೆಗಳೆದ್ದವು. ಹಳದಿಯೇ ಇತ್ತು. ಶಂಕರಮ್ಮ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು. ಕುದಿ ಜೋರಾಯಿತು. ಹಳದಿ ಕೇಸರಿಗೆ ತಿರುಗಿತು, ಕುದಿಯುತ್ತಾ ಕುದಿಯುತ್ತಾ ಕೇಸರಿ ಕೆಂಪಾಯಿತು. ದೊಡ್ಡ ಪಾತ್ರೆಯಲ್ಲಿದ್ದ ಅದೇ ಕೆಂಪು.

"ಆತಲ್ಲ!" ಎಂದು ಕಲ್ಪನಾ ಚಪ್ಪಾಳೆ ತಟ್ಟಿದಳು.

"ಹಂಗಾರೆ ಇದನ್ನ ವಾಪಸ್ ಹಳದಿ ಮಾಡ್ರಿ ನೋಡಾಣ," ಎಂದ ಕಲ್ಲೇಶ್. ಅವನಿಗಿನ್ನೂ ಬಿಡಲು ಮನಸ್ಸಿಲ್ಲ.

ಚಿತ್ರಾನ್ನಕ್ಕೆಂದು ಹೆಚ್ಚಿಟ್ಟಿದ್ದ ನಿಂಬೆಹೋಳು ಅಲ್ಲೇ ಇದ್ದವು. ಸೋಡಾ ಹೆಚ್ಚಾದರೆ ಹುಳಿ ಹಿಂಡುವುದು ಚೌಡೇಶ್ವರಿಯ ರೂಢಿ, ಅವಳ ಕೈ ತಾನಾಗಿಯೇ ಅತ್ತ ಹೋಯಿತು. ಒಂದು ಹೋಳನ್ನು ಬಾಣಲೆಗೆ ಹಿಂಡಿದಳು. ನೊರೆ ಎದ್ದಿತು. ಸಾಲದೆಂದು ಇನ್ನೊಂದು ಹಿಂಡಿದಳು. ನೊರೆ ಇಳಿದಾಗ ನೀರು ಹಳದಿಯಾಗಿತ್ತು. ಕಲ್ಲೇಶ್ ಹತ್ತಿರ ಬಂದು ಬಗ್ಗಿ ನೋಡಿದ, ಮೂಸಿ ನೋಡಿದ, ಮೊಬೈಲು ತೆಗೆದ.

"ಇದನ್ನೂ ಕಳ್ಸು," ಎಂದಳು ಹಾಲಮ್ಮಜ್ಜಿ. "ಮೊದ್ಲಿಂದು ಯಾರ್ಯಾರಿಗೆ ಕಳ್ಸಿದ್ಯೋ ಅವ್ರಿಗೆಲ್ಲಾ ಕಳ್ಸು. ನನ್ನ ಮೊಮ್ಮಗನ ಶಾಸ್ತ್ರ ಇವತ್ತೇ."

ಆ ಮಾತಿಗೆ ಎದುರಾಡುವವರು ಆ ಮನೆಯಲ್ಲಿ ಇರಲಿಲ್ಲ.

ಆದರೆ ಹೂರಣ? ಶಂಕರಮ್ಮ ದೊಡ್ಡ ಪಾತ್ರೆಗೂ ನಿಂಬೆ ಹಿಂಡಿ ನೋಡಿದಳು. ಬಣ್ಣವೇನೋ ತಿರುಗಿತು. ನಾಲಿಗೆಗಿಟ್ಟರೆ ಸೋಪೂ ಉಪ್ಪೂ ಸೇರಿದಂತಿತ್ತು. ಕರಗಿದ ಬೇಳೆ ಮತ್ತೆ ಬೇಳೆಯಾಗುವುದೆಲ್ಲಿ? ಅದನ್ನು ಚೆಲ್ಲುವುದೇ ಸರಿ ಎಂದಾಯಿತು. ಕಣಕ ಬುಟ್ಟಿ ತುಂಬ ಕೂತಿತ್ತು, ಒಳಗೆ ತುಂಬಲು ಏನೂ ಇರಲಿಲ್ಲ. ಅವಳು ಒಲೆಯ ಮುಂದೆ ಕೈಚೆಲ್ಲಿ ಕೂತಳು.

"ಶೇಂಗಾ ಐತಲ್ರಿ," ಎಂದಳು ಚೌಡೇಶ್ವರಿ. "ನಮ್ಮ ಹೊಲದ್ದೇ. ಹುರಿದು, ಪುಡಿ ಮಾಡಿ, ಬೆಲ್ಲ ಹಾಕಿ ಕುಟ್ಟಿದ್ರೆ ಆತು. ಶೇಂಗಾ ಹೋಳಿಗೆಗೆ ನೀರೂ ಬ್ಯಾಡ, ಬೇಯ್ಸೋದೂ ಬ್ಯಾಡ."

"ನಾನು ಅದನ್ನ ಯಾವತ್ತೂ ಮಾಡಿಲ್ಲ ಅಕ್ಕಾರೆ."

"ನಾನು ಮಾಡೀನಿ. ನೀವು ಲಟ್ಟಿಸ್ರಿ, ಬಾಕಿದು ನಾನು ನೋಡ್ಕೊಂತೀನಿ."

ಶಂಕರಮ್ಮ ಆ ಹೊತ್ತಿನ ಮಟ್ಟಿಗೆ ಬೇರೆಯವರ ಕೈಕೆಳಗಿನ ಅಡುಗೆಯವಳಾದಳು. ಚೌಡೇಶ್ವರಿ ಹುರಿದಳು, ಕಲ್ಪನಾ ಸಿಪ್ಪೆ ಕೇರಿದಳು, ಮುತ್ತುರಾಜ್ ಬಿಳಿ ಶರ್ಟಿನ ತೋಳು ಮಡಚಿ ಒರಳಲ್ಲಿ ಕುಟ್ಟಲು ನಿಂತ. "ಉರಿ ಕಮ್ಮಿ ಮಾಡ್ರಿ," ಎಂದು ಚೌಡೇಶ್ವರಿ ಹೇಳಿದರೆ ಶಂಕರಮ್ಮ ಕಮ್ಮಿ ಮಾಡಿದಳು. "ಬೆಲ್ಲ ಇನ್ನಷ್ಟು," ಎಂದರೆ ಹಾಕಿದಳು. ಮೊದಲ ಹೋಳಿಗೆ ಹೆಂಚಿನ ಮೇಲೆ ಹರಿಯಿತು, ಎರಡನೆಯದು ದಪ್ಪವಾಯಿತು. ಆಮೇಲಿನವು ಸರಿಯಾಗಿ ಬಂದವು.

ಊಟ ತಡವಾಯಿತು. ಉಂಗುರ ಬದಲಾಯಿಸುವ ಹೊತ್ತಿಗೆ ಹಸಿದ ನೆಂಟರು ಅಡುಗೆಮನೆಯ ಕಡೆಯೇ ನೋಡುತ್ತಿದ್ದರು. ಚೌಡೇಶ್ವರಿ ಆರತಿ ಎತ್ತಿದಾಗ ಕಲ್ಲೇಶ್ ಆ ಕೆಂಪು ನೀರನ್ನು ದಿಟ್ಟಿಸಿ ನೋಡಿ, ಪಕ್ಕದವನ ಕಿವಿಯಲ್ಲಿ ಏನೋ ಅಂದ. ಅವನಿಗೆ ಪೂರ್ತಿ ನಂಬಿಕೆ ಬಂದಿತ್ತೋ ಇಲ್ಲವೋ, ಶಂಕರಮ್ಮನಿಗೆ ತಿಳಿಯಲಿಲ್ಲ. ಹೋಳಿಗೆಯನ್ನಂತೂ ಅವನು ಮತ್ತೆ ಮತ್ತೆ ಹಾಕಿಸಿಕೊಂಡ.

ಎಲ್ಲರದೂ ಮುಗಿದ ಮೇಲೆ ಅವಳು ಅಜ್ಜಿಯ ಎಲೆಗೆ ಬಿಸಿ ಹೋಳಿಗೆ ಹಾಕಿ, ತುಪ್ಪ ಬಡಿಸಿ ಎದುರಿಗೆ ಕೂತಳು. ಅಜ್ಜಿ ಒಂದು ತುಣುಕು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಚಲೋ ಐತೆ," ಎಂದಳು. ಆಮೇಲೆ ಏನೋ ನೆನಪಾದವಳಂತೆ, "ಅಲ್ವೇ, ಆ ಸುಣ್ಣ ಹಾಕಿದ್ರೆ ಕೆಂಪು, ಹುಳಿ ಹಿಂಡಿದ್ರೆ ಹಳದಿ. ಅರಿಶಿನಕ್ಕೆ ಅದೆಲ್ಲಾ ಹೆಂಗೆ ಗೊತ್ತಾಗ್ತೈತೆ?" ಎಂದು ಕೇಳಿದಳು.

ಶಂಕರಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಅರಿಶಿನ ಒಂದು ಕಡೆ ಹಳದಿ, ಒಂದು ಕಡೆ ಕೆಂಪಾಗಿ ಕೂತಿತ್ತು. ಬೆಳಗಿನಿಂದ ಆದದ್ದನ್ನೆಲ್ಲ ಮತ್ತೊಮ್ಮೆ ಮನಸ್ಸಿನಲ್ಲಿ ಓಡಿಸಿ ನೋಡಿದಳು. ಏನಾಯಿತು ಎನ್ನುವುದು ಈಗ ಗೊತ್ತಿತ್ತು. ಯಾಕಾಯಿತು ಎಂದು ಕೇಳಿದರೆ ಎಲ್ಲವೂ ಮತ್ತೆ ಕಲಸಿಕೊಳ್ಳುತ್ತಿತ್ತು.

"ನಂಗೂ ಗೊತ್ತಿಲ್ಲಜ್ಜಿ," ಎಂದಳು. "ಇನ್ನೊಂದು ಹಾಕ್ಲಾ?"

"ಅರ್ಧ ಹಾಕು," ಎಂದಳು ಹಾಲಮ್ಮಜ್ಜಿ.